ಉಸಿರಿಗೆ ತಕ್ಕಷ್ಟು ಮಾತು

ನನ್ನ ಅಮ್ಮ ಶಶಿಪ್ರಭಾ ಬಂಟ್ವಾಳದಿಂದ ಮೂಡುಬಿದಿರೆಗೆ ಹೋಗುವ ರಸ್ತೆಯ ಬದಿಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಟೀಚರು. ಆದರೆ ನಮ್ಮ ಕಡೆಯ ಹೆಚ್ಚಿನವರಿಗೆ ಅವಳ ಪರಿಚಯ ಪಾಠದಿಂದಲ್ಲ, ಮೈಕಿನಿಂದ. ಶಾಲೆಗಳ ಕ್ರೀಡಾಕೂಟವಿರಲಿ, ಯುವಕ ಮಂಡಲದವರ ಕಬಡ್ಡಿ ಪಂದ್ಯಾಟವಿರಲಿ, ವೀಕ್ಷಕ ವಿವರಣೆಗೆ ಶಶಿ ಟೀಚರೇ ಬೇಕು. ಕನ್ನಡದಲ್ಲಿ ಶುರು ಮಾಡಿ, ಆಟಕ್ಕೆ ಬಿಸಿ ಏರಿದ ಹಾಗೆ ತುಳುವಿಗೆ ಜಾರಿ, ಕೊನೆಯ ನಿಮಿಷಕ್ಕೆ ಎರಡನ್ನೂ ಕಲಸಿ ಅವಳು ಮಾತಾಡುತ್ತಿದ್ದರೆ ಆಡುವವರಿಗಿಂತ ನೋಡುವವರಿಗೇ ಹೆಚ್ಚು ಏದುಸಿರು. ಕರೆಂಟು ಹೋದರೂ ಅವಳು ನಿಲ್ಲಿಸುತ್ತಿರಲಿಲ್ಲ. ಮೈದಾನದ ಆಚೆ ಬದಿಯಲ್ಲಿ ಕಡ್ಲೆ ಮಾರುವವರಿಗೂ ಸ್ಕೋರು ಕೇಳಿಸುತ್ತಿತ್ತು. ಸಣ್ಣವಳಿದ್ದಾಗ ನಾನು ಅವಳ ಕುರ್ಚಿಯ ಪಕ್ಕ ನೆಲದಲ್ಲಿ ಕುಳಿತು ಐಸ್‌ಕ್ಯಾಂಡಿ ತಿನ್ನುತ್ತಿದ್ದೆ. ಯಾರಾದರೂ "ಯಾರ ಮಗಳು ನೀನು?" ಎಂದರೆ ಬಾಯಿ ತೆರೆಯದೆ ಮರಕ್ಕೆ ಕಟ್ಟಿದ ಲೌಡ್‌ಸ್ಪೀಕರ್ ಕಡೆ ಬೆರಳು ತೋರಿಸುತ್ತಿದ್ದೆ.

ನಾನು ಮೂಡುಬಿದಿರೆಯ ಕಾಲೇಜಿಗೆ ಸೇರಿದ ವರ್ಷ ಅಮ್ಮನ ಕುತ್ತಿಗೆಯಲ್ಲಿ ಒಂದು ಗಂಟು ಕಾಣಿಸಿಕೊಂಡಿತು. ಥೈರಾಯ್ಡಿನ ಗಂಟು. ಮಂಗಳೂರಿನ ಡಾಕ್ಟರು ಎಲ್ಲವನ್ನೂ ಮೊದಲೇ ಬಿಡಿಸಿ ಹೇಳಿದ್ದರು. "ಧ್ವನಿಯ ನರ ಗಂಟಿಗೆ ಅಂಟಿಕೊಂಡೇ ಉಂಟು ಟೀಚರ್. ನಾವು ಜಾಗ್ರತೆ ಮಾಡ್ತೇವೆ. ಆದರೂ ನರ ಕೆಲಸ ನಿಲ್ಲಿಸುವ ಸಾಧ್ಯತೆ ಇಲ್ಲ ಅಂತ ನಾನು ಹೇಳುವುದಿಲ್ಲ."

"ಗಂಟು ಇಟ್ಟುಕೊಂಡು ಎಂತ ಮಾಡುದು ಡಾಕ್ಟ್ರೆ? ತೆಗೀರಿ" ಎಂದಳು ಅಮ್ಮ.

ಗಂಟು ಹೋಯಿತು. ಕೆಟ್ಟ ಕಾಯಿಲೆ ಏನೂ ಅಲ್ಲವೆಂದು ವರದಿಯೂ ಬಂತು. ಆದರೆ ಅಮ್ಮನ ಧ್ವನಿಯೂ ಗಂಟಿನ ಜೊತೆ ಹೋಗಿತ್ತು. ಗಂಟಲೊಳಗಿನ ಎರಡು ಧ್ವನಿ ತಂತುಗಳಲ್ಲಿ ಎಡಗಡೆಯದ್ದು ಅಲ್ಲಾಡದೆ ನಿಂತುಬಿಟ್ಟಿತ್ತು. ಮಾತಾಡಲು ಹೊರಟರೆ ಗಾಳಿಯೇ ಹೆಚ್ಚು, ಶಬ್ದ ಕಡಿಮೆ. ಮೂರ್ನಾಲ್ಕು ಪದಕ್ಕೆ ಉಸಿರು ಮುಗಿಯುತ್ತಿತ್ತು. ನೀರು ಕುಡಿದರೆ ಅಡ್ಡ ಹೋಗಿ ಕೆಮ್ಮು. ಸರಿಯಾಗಬಹುದು, ಆಗದೆಯೂ ಇರಬಹುದು, ವ್ಯಾಯಾಮ ಮಾಡಿ ಕಾದು ನೋಡಬೇಕು ಎಂದರು ಡಾಕ್ಟರು.

ಅಪ್ಪ ಬಹರೈನ್‌ನಲ್ಲಿ ಒಂದು ಹೋಟೆಲಿನ ಅಡುಗೆಮನೆ ನೋಡಿಕೊಳ್ಳುತ್ತಾರೆ. ಆಪರೇಷನ್ನಿಗೆ ಬಂದಿದ್ದವರು ಹೊಲಿಗೆ ಬಿಚ್ಚುವ ಮೊದಲೇ ವಾಪಸು ಹೋಗಬೇಕಾಯಿತು. ಅಮ್ಮ ಇನ್ನು ಮಾತಾಡಬಹುದು ಎಂದು ಡಾಕ್ಟರು ಹೇಳಿದ ದಿನ ಅವಳೇ ಅಪ್ಪನಿಗೆ ಫೋನು ಮಾಡಿದಳು. ಹೊಸ ಫೋನು, ಹೊಸ ನಂಬರು. ಆಚೆಯಿಂದ ಅಪ್ಪ, "ಯಾರು? ಯಾರು ಮಾತಾಡುದು? ಸರಿ ಕೇಳುದಿಲ್ಲ ಮಾರಾಯ್ರೆ" ಎಂದರು. ಅಮ್ಮ ಫೋನನ್ನು ನನ್ನ ಕೈಗೆ ಕೊಟ್ಟು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಪ್ಪನಿಗೆ ವಿಷಯ ಗೊತ್ತಾದಾಗ ಅವರೂ ಅತ್ತರು. ಆದರೆ ಅಷ್ಟರಲ್ಲಿ ಅಮ್ಮನ ತಲೆಯೊಳಗೆ ಒಂದು ಮಾತು ಕುಳಿತಾಗಿತ್ತು: ಕಟ್ಟಿಕೊಂಡ ಗಂಡನಿಗೇ ಗುರುತು ಸಿಗಲಿಲ್ಲ, ಇನ್ನು ಊರಿಗೆ ಸಿಗುತ್ತದೆಯೇ?

ಅಲ್ಲಿಂದ ಅದು ಬೆಳೆಯಿತು. ಹೊರಗೆ ಆಡಲಾಗದ ಮಾತೆಲ್ಲ ಒಳಗೆ ಸೇರಿಕೊಂಡು ತನ್ನ ಮೇಲೆಯೇ ತಿರುಗಿತು ಎಂದು ಅಮ್ಮ ಎಷ್ಟೋ ಸಮಯದ ನಂತರ ನನಗೆ ಹೇಳಿದಳು. ಆಗ ನನಗೆ ಕಾಣುತ್ತಿದ್ದುದು ಇಷ್ಟೇ: ಅಕ್ಕಿ ತೊಳೆಯುವಾಗ ಅವಳ ತುಟಿ ಅಲ್ಲಾಡುತ್ತಿತ್ತು, ಶಬ್ದವಿರುತ್ತಿರಲಿಲ್ಲ. ಬಟ್ಟೆ ಒಣಗಲು ಹಾಕುವಾಗ ಒಂದು ಸೀರೆಯನ್ನು ಕೈಯಲ್ಲಿ ಹಿಡಿದು ಸುಮ್ಮನೆ ನಿಂತಿರುತ್ತಿದ್ದಳು. "ಎಂತಮ್ಮಾ?" ಎಂದರೆ ಏನಿಲ್ಲ ಎಂದು ತಲೆ ಅಲ್ಲಾಡಿಸುತ್ತಿದ್ದಳು.

ರಜೆ ಮುಗಿಸಿ ಶಾಲೆಗೆ ಹೋದ ಮೇಲೆ ಅದಕ್ಕೆ ಇನ್ನಷ್ಟು ಮೇವು ಸಿಕ್ಕಿತು. ಹೆಡ್‌ಮಾಸ್ಟರು ನೋಣಯ್ಯನವರು ಅವಳ ಎರಡು ಪೀರಿಯಡ್‌ಗಳನ್ನು ಬೇರೆಯವರಿಗೆ ಕೊಟ್ಟು, "ಸ್ವಲ್ಪ ದಿನ ಲೈಬ್ರೆರಿ ನೋಡಿಕೊಳ್ಳಿ ಟೀಚರೇ, ಗಂಟಲಿಗೆ ವಿಶ್ರಾಂತಿ ಸಿಗಲಿ" ಎಂದರು. ಅಮ್ಮನಿಗೆ ಕೇಳಿಸಿದ್ದು, ನಿಮ್ಮನ್ನು ಮೂಲೆಗೆ ಹಾಕಿದ್ದೇವೆ ಎಂದು. ದೈಹಿಕ ಶಿಕ್ಷಕ ಅಬೂಬಕ್ಕರ್ ಮಾಸ್ಟ್ರು ಸೊಂಟಕ್ಕೆ ಕಟ್ಟಿಕೊಳ್ಳುವ ಸಣ್ಣ ಮೈಕೊಂದನ್ನು ತಂದುಕೊಟ್ಟರು. ಅಮ್ಮನಿಗೆ ಕಂಡದ್ದು ಕನಿಕರ. ಅದನ್ನು ಪೆಟ್ಟಿಗೆ ಸಮೇತ ಕಪಾಟಿನಲ್ಲಿ ಇಟ್ಟುಬಿಟ್ಟಳು. ವರಾಂಡದಲ್ಲಿ ಮಕ್ಕಳು ನಕ್ಕರೆ ತನ್ನನ್ನೇ ನೋಡಿ ನಕ್ಕರು. ನಗದೆ ಸುಮ್ಮನಿದ್ದರೆ ತನ್ನನ್ನು ನೋಡಿಯೇ ಸುಮ್ಮನಾದರು. ಆ ಸಲದ ಕ್ರೀಡಾಕೂಟಕ್ಕೆ ವೀಕ್ಷಕ ವಿವರಣೆ ಮಾಡಲು ಅವಳದೇ ಹಳೆಯ ವಿದ್ಯಾರ್ಥಿ ಶೋಧನ್‌ನನ್ನು ಕರೆದಾಗ ಅಮ್ಮ ಮನೆಗೆ ಬಂದು ಅಪ್ಪನಿಗೆ ಮೆಸೇಜು ಹಾಕಿದಳು: "ನಾನು ಕೆಲಸ ಬಿಡುತ್ತೇನೆ."

ಅಪ್ಪ ಕೂಡಲೇ ನನಗೆ ಫೋನು ಮಾಡಿದರು. "ಪ್ರಾಪ್ತೀ, ಅಮ್ಮನನ್ನು ಆ ಧ್ವನಿ ವ್ಯಾಯಾಮದ ಮೇಡಮ್ ಹತ್ತಿರ ಒಮ್ಮೆ ಕರ್ಕೊಂಡು ಹೋಗು. ನೀನೂ ಒಳಗೆ ಕೂತ್ಕೋ."

ಮಂಗಳೂರಿನ ಆಸ್ಪತ್ರೆಯ ಆ ಮೇಡಮ್ಮಿನ ಹೆಸರು ನವ್ಯಾ. ಅಮ್ಮನಿಗಿಂತ ಎಷ್ಟೋ ಸಣ್ಣವರು. ಅಲ್ಲಿಯವರೆಗೆ ಅಮ್ಮನಿಗೆ ಎರಡು ಅಂಗೈ ಒತ್ತಿ ಹಿಡಿದು 'ಆ' ಎನ್ನುವುದು, ಗದ್ದ ಎದೆಗೆ ತಾಗಿಸಿ ನೀರು ನುಂಗುವುದು, ಮೂಗಿನಲ್ಲಿ ಗುನುಗುವುದು ಎಲ್ಲ ಹೇಳಿಕೊಟ್ಟಿದ್ದರು. ಅಮ್ಮ ಮನೆಯಲ್ಲಿ ಒಂದನ್ನೂ ಮಾಡುತ್ತಿರಲಿಲ್ಲ.

"ಮಾಡಿದ್ರಾ?" ಎಂದು ಕೇಳಿದರು ನವ್ಯಾ.

ಅಮ್ಮ ಇಲ್ಲವೆಂದು ತಲೆ ಅಲ್ಲಾಡಿಸಿದಳು.

ಅವರು ಗದರಲಿಲ್ಲ. "ಇಲ್ಲಿಗೆ ಬರುವಾಗ ಬಸ್ಸಿನಲ್ಲಿ ಎಂತ ಯೋಚನೆ ಮಾಡ್ತಾ ಬಂದ್ರಿ ಟೀಚರ್? ಮನಸ್ಸಿನಲ್ಲಿ ನಿಮಗೆ ನೀವೇ ಎಂತ ಹೇಳಿಕೊಂಡ್ರೋ ಅದನ್ನೇ ಜೋರಾಗಿ ಹೇಳಿ. ಇವತ್ತು ಅದೇ ವ್ಯಾಯಾಮ."

ಅಮ್ಮ ನನ್ನ ಕಡೆ ನೋಡಿದಳು. ನಾನು ಕಿಟಕಿಯ ಕಡೆ ನೋಡಿದೆ.

"ನಾನು... ಇನ್ನು... ಯಾರಿಗೂ..." ಎಂದಳು. ಉಸಿರು ಮುಗಿಯಿತು. ಮತ್ತೆ ಎಳೆದುಕೊಂಡು, "ಬೇಡ" ಎಂದಳು.

"ಮತ್ತೆ?"

"ಮಕ್ಕಳು... ನನ್ನ ಹಿಂದೆ... ನಗ್ತಾರೆ."

"ಯಾರು ನಕ್ಕದ್ದು? ಹೆಸರು ಹೇಳಿ."

ಅಮ್ಮ ಯೋಚಿಸಿದಳು. ಒಂದು ಹೆಸರೂ ಸಿಗಲಿಲ್ಲ. ನವ್ಯಾ ಒತ್ತಾಯಿಸಲಿಲ್ಲ. "ಆಯ್ತು, ಮುಂದಿನದ್ದು ಹೇಳಿ" ಎಂದರು. ಅಮ್ಮ ಹೇಳುತ್ತಾ ಹೋದಳು. ಅಬೂಬಕ್ಕರ್ ಮಾಸ್ಟ್ರಿಗೆ ಕನಿಕರ, ಹೆಡ್‌ಮಾಸ್ಟ್ರಿಗೆ ತಾತ್ಸಾರ, ಶೋಧನ್‌ಗೆ ಸಂತೋಷ, ಗಂಡನಿಗೆ ಬೇಸರ. ಒಂದೊಂದು ಮಾತಿಗೂ ಎರಡೆರಡು ಉಸಿರು. ಅವಳ ಕುತ್ತಿಗೆಯ ನರ ಉಬ್ಬಿತ್ತು, ಹಣೆ ಬೆವರಿತ್ತು. ನನಗೆ ನೋಡಲಾಗದೆ ಎದ್ದು ಹೋಗುವ ಎನಿಸಿತು. ಅಷ್ಟರಲ್ಲಿ ಅಮ್ಮ ಕೈಯೆತ್ತಿ ಸಾಕು ಎಂದು ತೋರಿಸಿ, ಕುರ್ಚಿಗೆ ಒರಗಿ, ಸಿಟ್ಟಿನಲ್ಲಿ ಹೇಳಿದಳು.

"ಇದಕ್ಕೆಲ್ಲ... ನನ್ನ ಉಸಿರು... ಯಾಕೆ ಹಾಳು ಮಾಡುದು?"

ನವ್ಯಾ ನಕ್ಕರು. "ನೋಡಿ ಟೀಚರ್, ನಾನು ಹೇಳಬೇಕು ಅಂತ ಇದ್ದದ್ದನ್ನು ನೀವೇ ಹೇಳಿದ್ರಿ. ಇನ್ನು ನನಗೆ ಕೆಲಸ ಇಲ್ಲ."

ಅಮ್ಮನಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು. ಅರ್ಥವಾದದ್ದು ಅವಳ ಮುಖದಲ್ಲೇ ನನಗೆ ಕಂಡಿತು.

ವಾಪಸು ಬರುವಾಗ ಬಸ್ಸಿನಲ್ಲಿ ನನ್ನ ಕಿವಿಯ ಹತ್ತಿರ ಬಂದು, "ಒಳಗೆ ಮಾತಾಡುವುದಕ್ಕೆ ಉಸಿರು ಖರ್ಚಾಗುವುದಿಲ್ಲ. ಹಾಗಾಗಿಯೇ ಅದು ನಿಲ್ಲುವುದಿಲ್ಲ" ಎಂದಳು. ಅಷ್ಟನ್ನು ಹೇಳಲು ಅವಳಿಗೆ ಬಸ್ಸು ಬಿ.ಸಿ. ರೋಡ್ ಪೇಟೆ ದಾಟುವಷ್ಟು ಹೊತ್ತು ಹಿಡಿಯಿತು.

ಅಂದಿನಿಂದ ಅವಳು ಒಂದು ಅಭ್ಯಾಸ ಮಾಡಿಕೊಂಡಳು. ಒಳಗಿನ ಮಾತು ಶುರುವಾದಾಗ ಅದರೊಡನೆ ಜಗಳಕ್ಕೆ ಹೋಗುವುದಿಲ್ಲ, ಅದನ್ನು ಸಮಾಧಾನ ಮಾಡಲೂ ಹೋಗುವುದಿಲ್ಲ. ಇದಕ್ಕೆ ಒಂದು ಉಸಿರು ಕೊಡ್ತೇನಾ ಎಂದು ಕೇಳಿಕೊಳ್ಳುವುದು. ಕೊಡುವಂಥದ್ದಾದರೆ ಬಾಯಿ ಬಿಟ್ಟು ಹೇಳುವುದು. ಅಲ್ಲದಿದ್ದರೆ ಕೈಯಲ್ಲಿರುವ ಕೆಲಸಕ್ಕೆ ತಿರುಗುವುದು. ಹೇಳುವಷ್ಟು ಸುಲಭವಾಗಿರಲಿಲ್ಲ. ಎಷ್ಟೋ ಬೆಳಿಗ್ಗೆ ಅವಳ ಕಣ್ಣು ಊದಿಕೊಂಡಿರುತ್ತಿತ್ತು. ಆದರೆ ದೋಸೆ ಹುಯ್ಯುತ್ತಾ ಮೂಗಿನಲ್ಲಿ ಗುನುಗುವ ಅಭ್ಯಾಸ ತಪ್ಪಲಿಲ್ಲ. ಅಂಗೈಗೆ ಅಂಗೈ ಒತ್ತಿ 'ಆ' ಎನ್ನುವಾಗ ಪಕ್ಕದ ಮನೆಯ ನಾಯಿ ಬೊಗಳುತ್ತಿತ್ತು. ಮೊದಲಾಗಿದ್ದರೆ ಅದಕ್ಕೂ ಅವಳು ನೊಂದುಕೊಳ್ಳುತ್ತಿದ್ದಳು. ಈಗ ನಾಯಿಗೆ ಇನ್ನೊಂದು 'ಆ' ಕೇಳಿಸುತ್ತಿದ್ದಳು.

ಕಪಾಟಿನಿಂದ ಮೈಕು ಹೊರಗೆ ಬಂತು. ತಾನಾಗಿಯೇ ನೋಣಯ್ಯನವರ ಹತ್ತಿರ ಹೋಗಿ, "ನನ್ನ ಪೀರಿಯಡ್ ನನಗೆ ಕೊಡಿ ಸಾರ್" ಎಂದಳು. ಅವರು, "ನೀವು ಕೇಳಲಿ ಅಂತಲೇ ಕಾದಿದ್ದೆ ಟೀಚರೇ. ಹೊರೆ ಆಗ್ತದೋ ಅಂತ ಹೆದರಿಕೆ ಇತ್ತು" ಎಂದು ಕೂಡಲೇ ಕೊಟ್ಟರು.

ಒಂದು ದಿನ ಎಂಟನೇ ತರಗತಿಯಲ್ಲಿ ಪದ್ಯ ಓದುವಾಗ ಅವಳ ಧ್ವನಿ ಒಡೆದು ಕೀಚಲಾಗಿ ಹೋಯಿತು. ಹಿಂದಿನ ಬೆಂಚಿನಿಂದ ಯಾರೋ ಜೋರಾಗಿಯೇ ನಕ್ಕರು. ಇದು ಊಹೆಯಲ್ಲ, ನಿಜವಾದ ನಗು. ಅಮ್ಮ ಪುಸ್ತಕ ಕೆಳಗಿಟ್ಟು, ನೀರು ಕುಡಿದು, ಆ ನಗು ಮುಗಿಯುವವರೆಗೆ ಕಾದು, ಅದೇ ಸಾಲನ್ನು ಇನ್ನೊಮ್ಮೆ ಓದಿದಳಂತೆ. ಸಂಜೆ ಮನೆಗೆ ಬಂದು, "ಇವತ್ತು ಒಬ್ಬ ನಕ್ಕ" ಎಂದಳು. ನಾನು ಮುಂದಿನ ಮಾತಿಗೆ ಕಾದೆ. "ತೆಂಗಿನಕಾಯಿ ತುರಿದು ಕೊಡ್ತೀಯಾ?" ಎಂದಳು. ಅಷ್ಟೇ. ಮುಂದಿನ ಮಾತು ಬರಲೇ ಇಲ್ಲ. ಕಾಯಿ ತುರಿಯುತ್ತಿದ್ದ ನನ್ನ ಎದೆ ಉಬ್ಬಿತು. ಅವಳು ಏನನ್ನು ದಾಟಿದ್ದಾಳೆಂದು ನನಗೆ ಮಾತ್ರ ಗೊತ್ತಿತ್ತು.

ಊರಿಗೆ ಗೊತ್ತಾದದ್ದು ಮರುವರ್ಷ ಡಿಸೆಂಬರಿನ ಒಂದು ಭಾನುವಾರ.

ಬೆಳ್ತಂಗಡಿ ಕಡೆಯ ಒಂದು ಮೈದಾನದಲ್ಲಿ ಶಾಲಾ ಹುಡುಗಿಯರ ಕಬಡ್ಡಿ ಪಂದ್ಯಾಟವಿತ್ತು. ಅಮ್ಮನ ಶಾಲೆಯ ತಂಡ ಫೈನಲಿಗೆ ಬಂದಿತ್ತು. ತಂಡದ ನಾಯಕಿ ದೀಪಶ್ರೀ ಎಂಬ ಹುಡುಗಿ. ಅವಳು ರೈಡಿಗೆ ಹೊರಟರೆ ಎದುರಿನವರು ಹೆಜ್ಜೆ ಹಿಂದೆ ಇಡುತ್ತಿದ್ದರು. ಅಬೂಬಕ್ಕರ್ ಮಾಸ್ಟ್ರು ತಂಡದೊಂದಿಗಿದ್ದರು. ಅಮ್ಮನೂ ನಾನೂ ನೋಡಲು ಹೋಗಿದ್ದೆವು. ವೀಕ್ಷಕ ವಿವರಣೆಗೆ ಶೋಧನ್. ಅವನು ಅಮ್ಮನನ್ನು ಕಂಡದ್ದೇ ಓಡಿ ಬಂದು, "ಟೀಚರ್, ನೀವು ನನ್ನ ಪಕ್ಕ ಕೂತ್ಕೊಳ್ಳಲೇ ಬೇಕು" ಎಂದು ಮೈಕಿನ ಮೇಜಿನ ಹತ್ತಿರ ಕುರ್ಚಿ ಹಾಕಿಸಿದ.

ಅಂಕಣದ ಎರಡೂ ಬದಿಯಲ್ಲಿ ಅಡಿಕೆ ಮರದ ಕಂಬಕ್ಕೆ ಹಲಗೆ ಕಟ್ಟಿದ ಗ್ಯಾಲರಿ. ಮಧ್ಯಾಹ್ನದ ಊಟ ಮುಗಿಸಿ ಬಂದ ಜನ ಮೆಟ್ಟಿಲು ಮೆಟ್ಟಿಲಾಗಿ ತುಂಬಿದ್ದರು. ಅಜ್ಜಿಯಂದಿರು, ಮಡಿಲಿನ ಮಕ್ಕಳು, ಆಡುವ ಹುಡುಗಿಯರ ಮನೆಯವರು. ಫೈನಲಿನ ಮೊದಲಾರ್ಧದಲ್ಲಿ ದೀಪಶ್ರೀ ಒಂದೇ ರೈಡಿನಲ್ಲಿ ಮೂವರನ್ನು ಮುಟ್ಟಿ ಗೆರೆಗೆ ಬಿದ್ದಳು. ಬಲಬದಿಯ ಗ್ಯಾಲರಿಯವರೆಲ್ಲ ಒಟ್ಟಿಗೆ ಎದ್ದು ಕುಣಿದರು. ಏನೋ ಕಿರ್ರೆಂದಿತು. ಗ್ಯಾಲರಿಯ ಒಂದು ತುದಿ ಮೆಲ್ಲಗೆ ವಾಲಿತು, ಆಮೇಲೆ ಒಮ್ಮೆಲೇ ಇಡೀ ಗ್ಯಾಲರಿ ಕುಸಿಯಿತು.

ಧೂಳು. ಕಿರುಚಾಟ. ಎದುರಿನ ಗ್ಯಾಲರಿಯವರು ಎದ್ದು ನಿಂತರು, ಕೆಲವರು ಮೇಲಿನಿಂದಲೇ ಹಾರಿದರು. ಅದೂ ಅಲ್ಲಾಡತೊಡಗಿತು. ಕೆಲವರು ಬಿದ್ದವರ ಕಡೆ ಓಡಿ ಹಲಗೆಗಳ ಮೇಲೆಯೇ ಹತ್ತಿದರು. ಅಡಿಯಲ್ಲಿ ಜನರಿದ್ದರು. ಇನ್ನು ಕೆಲವರು ಗೇಟಿಗೆ ನುಗ್ಗಿದರು. ಗೇಟು ಸಣ್ಣದು. ಶೋಧನ್ ಮೈಕಿನಲ್ಲಿ "ಅಯ್ಯೋ ಬಿತ್ತು, ಓಡಿ, ಬನ್ನಿ, ಅಯ್ಯೋ ದೇವರೇ" ಎಂದು ಬೊಬ್ಬೆ ಹೊಡೆಯುತ್ತಿದ್ದ. ಬನ್ನಿ ಎಂದರೆ ಯಾರು ಬರಬೇಕು, ಓಡಿ ಎಂದರೆ ಎಲ್ಲಿಗೆ ಓಡಬೇಕು ಎಂದು ಯಾರಿಗೂ ತಿಳಿಯಲಿಲ್ಲ.

ಅಮ್ಮ ಎದ್ದು ಅವನ ಹೆಗಲ ಮೇಲೆ ಕೈಯಿಟ್ಟು ಮೈಕು ತೆಗೆದುಕೊಂಡಳು.

ಆ ಕ್ಷಣ ಒಳಗಿನ ಮಾತು ಎಂದಿಗಿಂತ ಜೋರಾಗಿ ಬಂತಂತೆ. ನಿನ್ನ ಧ್ವನಿ ಬರುವುದಿಲ್ಲ. ಇಷ್ಟು ಜನರ ಮುಂದೆ ಒಡೆಯುತ್ತದೆ. ನಿನ್ನಿಂದಾಗಿ ಇನ್ನೂ ಅನಾಹುತ ಆಗುತ್ತದೆ. ಕೊಟ್ಟುಬಿಡು ಅವನಿಗೆ. "ಕೇಳಿತು ಮಗಾ, ಒಂದೊಂದು ಅಕ್ಷರವೂ ಕೇಳಿತು. ಆದರೆ ನನ್ನ ಹತ್ತಿರ ಇದ್ದ ಉಸಿರು ಗ್ಯಾಲರಿಯ ಅಡಿಯಲ್ಲಿದ್ದವರಿಗೆ ಬೇಕಿತ್ತು" ಎಂದಳು ಆಮೇಲೆ.

ಅವಳು ಹೊಟ್ಟೆ ತುಂಬ ಉಸಿರು ಎಳೆದುಕೊಂಡು, ಮೈಕು ತುಟಿಗೆ ತಾಗಿಸಿ, ಮೆಲ್ಲಗೆ ಹೇಳಿದಳು.

"ಯಾರೂ ಓಡಬೇಡಿ."

ಲೌಡ್‌ಸ್ಪೀಕರಿನಿಂದ ಬಂದದ್ದು ಮೊದಲಿನ ಶಶಿ ಟೀಚರ ಧ್ವನಿಯಲ್ಲ. ತಗ್ಗಿನ, ಗಾಳಿ ಬೆರೆತ, ಹತ್ತಿರದಲ್ಲೇ ಕುಳಿತು ಮಾತಾಡಿದಂಥ ಧ್ವನಿ. ಶೋಧನನ ಬೊಬ್ಬೆಯ ನಂತರ ಅದು ಎಷ್ಟು ಬೇರೆಯಾಗಿತ್ತೆಂದರೆ ಜನ ಏನೆಂದು ಕೇಳಲು ಒಂದು ಕ್ಷಣ ನಿಂತರು. ಅವಳಿಗೆ ಬೇಕಾಗಿದ್ದುದು ಅಷ್ಟೇ.

"ಎಡಬದಿಯ ಗ್ಯಾಲರಿಯವರು... ಕೂತ್ಕೊಳ್ಳಿ. ಕೂತರೆ ಬೀಳುವುದಿಲ್ಲ."

ಅವರು ಕುಳಿತರು.

"ಗೇಟಿನ ಹತ್ತಿರದವರು... ಒಂದು ಹೆಜ್ಜೆ ಹಿಂದೆ. ನಿಮ್ಮ ಕಾಲಡಿ ಮಕ್ಕಳಿದ್ದಾರೆ."

ನಾನು ನೋಡುತ್ತಿದ್ದ ಹಾಗೆ ಗೇಟಿನ ನೂಕುನುಗ್ಗಲು ಸಡಿಲಾಯಿತು. ಯಾರೋ ಒಬ್ಬರು ಮಗುವನ್ನು ಮೇಲೆತ್ತಿ ಹಿಡಿದರು.

"ಹಲಗೆಯ ಮೇಲಿದ್ದವರು... ಕೆಳಗೆ ಇಳಿಯಿರಿ. ಆಟಗಾರರು ಮಾತ್ರ ಬನ್ನಿ. ಅಬೂಬಕ್ಕರ್ ಮಾಸ್ಟ್ರೇ... ನೀವು ಹೇಳಿದ ಹಾಗೆ ಎತ್ತಲಿ. ಎಳೆಯುವುದು ಬೇಡ."

ಪ್ರತಿ ಎರಡು ಮಾತಿಗೆ ಉಸಿರು ಮುಗಿಯುತ್ತಿತ್ತು. ಅವಳು ಅವಸರ ಮಾಡಲಿಲ್ಲ. ಸುಮ್ಮನಾಗಿ, ಉಸಿರು ತುಂಬಿಸಿಕೊಂಡು, ಮುಂದಿನದ್ದು ಹೇಳುತ್ತಿದ್ದಳು. ಆ ಬಿಡುವಿನಲ್ಲಿ ಜನರೂ ಉಸಿರು ತೆಗೆದುಕೊಂಡರು. ನಡುವೆ ಒಮ್ಮೆ ಧ್ವನಿ ಒಡೆದು ಕೀಚಲಾಯಿತು. ಯಾರೂ ನಗಲಿಲ್ಲ. ಅಮ್ಮ ಅದೇ ಮಾತನ್ನು ಮತ್ತೊಮ್ಮೆ ಹೇಳಿದಳು. ದೀಪಶ್ರೀ ಮತ್ತು ಎದುರು ತಂಡದ ಹುಡುಗಿಯರು ಭುಜಕ್ಕೆ ಭುಜ ಕೊಟ್ಟು ಹಲಗೆ ಎತ್ತಿದರು. ಅಂಕಣದಲ್ಲಿ ಅಷ್ಟು ಹೊತ್ತು ಒಬ್ಬರನ್ನೊಬ್ಬರು ಕೆಡವುತ್ತಿದ್ದವರು. ಅಡಿಯಲ್ಲಿದ್ದವರನ್ನು ಅಬೂಬಕ್ಕರ್ ಮಾಸ್ಟ್ರು ಒಬ್ಬೊಬ್ಬರನ್ನಾಗಿ ಹೊರಗೆ ತಂದರು. "ವಾಹನ ಇದ್ದವರು... ದಾರಿ ಬಿಡಿ. ಆಂಬುಲೆನ್ಸ್ ಬರ್ತಾ ಉಂಟು" ಎಂದಳು ಅಮ್ಮ. ರಸ್ತೆಯವರೆಗೆ ದಾರಿ ತೆರೆಯಿತು.

ಕೈ ಮುರಿದವರಿದ್ದರು, ಕಾಲು ಮುರಿದವರಿದ್ದರು, ತಲೆಗೆ ಹೊಲಿಗೆ ಬಿದ್ದವರಿದ್ದರು. ಒಂದೇ ಒಂದು ಜೀವವೂ ಹೋಗಲಿಲ್ಲ.

ಎಲ್ಲ ಮುಗಿದ ಮೇಲೆ ಅಮ್ಮ ಮೈಕನ್ನು ಮೇಜಿನ ಮೇಲಿಟ್ಟು ಕುರ್ಚಿಯಲ್ಲಿ ಕುಳಿತಳು. ಶೋಧನ್ ಅವಳ ಕಾಲ ಹತ್ತಿರ ಕುಳಿತು, "ನನಗೆ ಎಂತ ಮಾಡುದೂಂತ ಗೊತ್ತಾಗ್ಲಿಲ್ಲ ಟೀಚರ್, ನಾನು ದಂಡ, ಯಾವುದಕ್ಕೂ ಆಗದವ" ಎಂದು ಅಳತೊಡಗಿದ. ಅಮ್ಮನಿಗೆ ಮಾತಾಡುವಷ್ಟು ತ್ರಾಣವಿರಲಿಲ್ಲ. ಆದರೂ ಅವನ ಗದ್ದ ಹಿಡಿದು ಮೇಲೆತ್ತಿ, "ಆ ಮಾತು ಬಿಡು. ನೀರು ಉಂಟಾ?" ಎಂದಳು. ಅವನು ಎದ್ದು ನೀರು ತರಲು ಓಡಿದ.

ಮರುದಿನ ನಾವು ಬೆಳ್ತಂಗಡಿಯ ಆಸ್ಪತ್ರೆಗೆ ಗಾಯಾಳುಗಳನ್ನು ನೋಡಲು ಹೋದೆವು. ಎದುರು ತಂಡದ ಒಬ್ಬಳು ಹುಡುಗಿಯ ಅಜ್ಜಿ ಖತೀಜಮ್ಮ ಕಾಲಿಗೆ ಪ್ಲಾಸ್ಟರು ಹಾಕಿಸಿಕೊಂಡು ಮಲಗಿದ್ದರು. ಹಲಗೆಗಳ ಅಡಿಯಲ್ಲಿ ಎಲ್ಲರಿಗಿಂತ ಹೆಚ್ಚು ಹೊತ್ತು ಸಿಕ್ಕಿಕೊಂಡಿದ್ದವರು ಅವರು. ಅಮ್ಮ "ಹೇಗಿದ್ದೀರಿ?" ಎಂದದ್ದೇ ತಡ, ಅವರು ಕಣ್ಣು ತೆರೆದು, "ಅಲ್ಲಾ, ನೀವೇ ಅಲ್ವಾ ಮೈಕಿನಲ್ಲಿ ಹೇಳಿದ್ದು?" ಎಂದು ಅಮ್ಮನ ಕೈ ಹಿಡಿದುಕೊಂಡರು. "ನನಗೆ ಕತ್ತಲೆ, ಎದೆಯ ಮೇಲೆ ಹಲಗೆ. ಮೇಲೆ ಎಲ್ಲರೂ ಕಿರುಚುತ್ತಾ ಇದ್ರು. ಆಮೇಲೆ ನಿಮ್ಮ ಮಾತು ಕೇಳಿತು. ಮನೆಯಲ್ಲಿ ಯಾರೋ ಪಕ್ಕದಲ್ಲಿ ಕೂತು ಹೇಳಿದ ಹಾಗೆ ಇತ್ತು. ಇನ್ನು ನಾನು ಸಾಯುದಿಲ್ಲ ಅಂತ ಆಯ್ತು ನನಗೆ."

ಅಮ್ಮನ ಕಣ್ಣು ತುಂಬಿತು. ಕಣ್ಣೀರನ್ನು ತಡೆಯಲು ಹೋಗಲಿಲ್ಲ. ಖತೀಜಮ್ಮನವರ ಕೈ ಬಿಡದೆ ಬಹಳ ಹೊತ್ತು ಕುಳಿತಿದ್ದಳು.

ಯುವಕ ಮಂಡಲದವರು ಸನ್ಮಾನ ಮಾಡುತ್ತೇವೆಂದು ಮನೆಗೆ ಬಂದರು. ಮೊದಲಿನ ಅಮ್ಮನಾಗಿದ್ದರೆ ನನಗೆ ಯೋಗ್ಯತೆಯಿಲ್ಲ ಎಂದು ಹಿಂಜರಿಯುತ್ತಿದ್ದಳೋ ಏನೋ. "ಮಾಡಿ" ಎಂದಳು. "ಹಲಗೆ ಎತ್ತಿದ ಎರಡೂ ತಂಡದ ಹುಡುಗಿಯರಿಗೂ ಮಾಡಿ. ನನ್ನದು ಅವರ ನಂತರ." ಹಾಗೆಯೇ ಆಯಿತು. ಶಾಲು ಹೊದಿಸುವಾಗ ಅವಳು ತಲೆ ತಗ್ಗಿಸಲಿಲ್ಲ, ನೆಟ್ಟಗೆ ನಿಂತಳು. ಅಪ್ಪ ಆ ಫೋಟೋವನ್ನು ತನ್ನ ಹೋಟೆಲಿನ ಅಡುಗೆಮನೆಯಲ್ಲಿ ಸಿಕ್ಕಿದವರಿಗೆಲ್ಲ ತೋರಿಸಿದರಂತೆ.

ಅರ್ಧಕ್ಕೆ ನಿಂತ ಫೈನಲನ್ನು ಜನವರಿಯಲ್ಲಿ ಅಮ್ಮನ ಶಾಲೆಯ ಮೈದಾನದಲ್ಲೇ ಆಡಿಸಿದರು. ಗ್ಯಾಲರಿ ಇರಲಿಲ್ಲ, ಎಲ್ಲರಿಗೂ ನೆಲದಲ್ಲೇ ಚಾಪೆ. ವೀಕ್ಷಕ ವಿವರಣೆಗೆ ಶೋಧನ್ ಮತ್ತು ಅಮ್ಮ, ಇಬ್ಬರೂ. ಅವನು ರೈಡುಗಳನ್ನು ಹೇಳುತ್ತಿದ್ದ, ಅಮ್ಮ ನಡುನಡುವೆ ಎರಡೆರಡು ಮಾತು ಸೇರಿಸುತ್ತಿದ್ದಳು. ಡಾಕ್ಟರು ಕಳೆದ ಸಲ ಹೇಳಿದ ಪ್ರಕಾರ ಹಳೆಯ ಧ್ವನಿ ಇನ್ನು ಬರುವುದಿಲ್ಲ. ಅಮ್ಮ ಅದನ್ನು ಕೇಳಿಸಿಕೊಂಡು, ವ್ಯಾಯಾಮ ಮುಂದುವರಿಸಬೇಕೋ ಬೇಡವೋ ಎಂದಷ್ಟೇ ಕೇಳಿದ್ದಳು.

ದ್ವಿತೀಯಾರ್ಧದಲ್ಲಿ, ಆಟ ಬಿಗಿಯಾಗಿದ್ದಾಗ, ಅಮ್ಮ ಸ್ಕೋರು ತಪ್ಪು ಹೇಳಿದಳು. ದೀಪಶ್ರೀಯ ತಂಡ ಒಂದು ಅಂಕ ಹಿಂದಿತ್ತು. ಅಮ್ಮ ಮುಂದಿದೆ ಎಂದುಬಿಟ್ಟಳು. ಜನ "ಓ" ಎಂದರು. ಸ್ಕೋರರು ಅಲ್ಲಿಂದಲೇ ಕೈಯಾಡಿಸಿದರು. ಅಮ್ಮ ಉಸಿರು ತೆಗೆದುಕೊಂಡಳು.

"ತಪ್ಪಾಯಿತು. ನಮ್ಮ ಹುಡುಗಿಯರು ಒಂದು ಅಂಕ ಹಿಂದೆ" ಎಂದಳು. ಇನ್ನೊಂದು ಉಸಿರು ತುಂಬಿಸಿಕೊಂಡು, ತುಳುವಿನಲ್ಲಿ, ದೀಪಶ್ರೀ ರೈಡಿಗೆ ಹೊರಟಳು ನೋಡಿ ಎಂದಳು.